ಸದ್ದಡಗಿದ ಗಾಳಿ, ನೆಟ್ಟಗೆ ಕೂತ ಮೊಳೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಅವರ ಕಾಲದಲ್ಲಿ ಮರಗೆಲಸದ ಸದ್ದೆಂದರೆ ಸುತ್ತಿಗೆ, ಉಳಿ, ಗರಗಸಗಳ ಸದ್ದು ಮಾತ್ರ. ಇಂದು ಕಡೂರು, ತರೀಕೆರೆ, ಅಜ್ಜಂಪುರಗಳಂಥ ಊರುಗಳಲ್ಲಿಯೂ ಕಪಾಟಿಗೆ ಬೀಡಿಂಗ್ ಹಚ್ಚಲು ಗಾಳಿಯ ಬಲದಿಂದ ಮೊಳೆ ಹೊಡೆಯುವ ಗನ್ ಕೈಗೆ ಬಂದರೆ, ಅದರ ಬೆನ್ನಿಗೇ ಕಂಪ್ರೆಸರೂ ಬರುತ್ತದೆ. ಗೋಡೆಗೆ ಗೋಡೆ ತಾಗಿದ ಬೀದಿಯಲ್ಲಿ ಪಕ್ಕದ ಮನೆಯ ಹುಡುಗಿ ಪರೀಕ್ಷೆಗೆ ಓದುತ್ತಿರಬಹುದು. ಎದುರು ಮನೆಯಲ್ಲಿ ವೃದ್ಧರೊಬ್ಬರು ಜ್ವರದಿಂದ ಮಲಗಿರಬಹುದು. ಕಂಪ್ರೆಸರಿಗೆ ಇದಾವುದರ ಪರಿವೆಯೂ ಇಲ್ಲ.

2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂಬ ಎಲ್ಲೆಯನ್ನು ಹಾಕಿವೆ. ಸಾಧಾರಣ ಸಣ್ಣ ಕಂಪ್ರೆಸರಿನ ಬಳಿ ನಿಂತವನಿಗೆ 80ರಿಂದ 90 ಡೆಸಿಬಲ್‌ಗಳಷ್ಟು ಸದ್ದು ಕೇಳಿಸುತ್ತದೆ. 85 ಡೆಸಿಬಲ್‌ಗಿಂತ ಮೇಲಿನ ಸದ್ದಿನಲ್ಲಿ ದಿನವೂ ಎಂಟು ಗಂಟೆ ದುಡಿದರೆ ಕಿವಿಗೆ ಅಪಾಯವೆಂಬುದು ತಜ್ಞರ ಮತ. ಹೀಗೆ ಹೋದ ಶ್ರವಣಶಕ್ತಿ ಮರಳಿ ಬಾರದು. ನೆರೆಯವರ ನಿದ್ದೆ ಕೆಡುವುದಂತೂ ಸರಿಯೇ, ಮೊದಲು ಕೆಡುವುದು ಬಡಗಿಯ ಕಿವಿಯೇ.

ಹಾಗಾದರೆ ಉಪಾಯವೇನು? ದಂತವೈದ್ಯರ ಕೋಣೆಯಲ್ಲಿ ರೋಗಿಯ ಹಲ್ಲು ಕೊರೆಯುವ ಸಾಧನವನ್ನು ತಿರುಗಿಸುವುದೂ ಕಂಪ್ರೆಸರಿನ ಗಾಳಿಯೇ. ಅಲ್ಲಿ ಬಳಸುವ, ಎಣ್ಣೆ ಬೇಡದ ಮಂದಗತಿಯ ಯಂತ್ರಗಳ ಮಾದರಿಯೇ ಮರಗೆಲಸಕ್ಕೂ ಒದಗುತ್ತದೆ. ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುವ ಯಂತ್ರ ಅಬ್ಬರಿಸಿದರೆ, ಸುಮಾರು 1,400 ಸುತ್ತಿನದು ಗುನುಗುತ್ತದೆ. ಇಂಥವುಗಳ ಸದ್ದು ಸಾಮಾನ್ಯವಾಗಿ 60ರಿಂದ 70 ಡೆಸಿಬಲ್‌ಗಳ ನಡುವೆ ಇರುತ್ತದೆ. 20 ಡೆಸಿಬಲ್ ಇಳಿಯಿತೆಂದರೆ ಸದ್ದಿನ ಶಕ್ತಿ ನೂರನೆಯ ಒಂದು ಪಾಲಿಗೆ ಇಳಿಯಿತೆಂದು ಅರ್ಥ.

ಸಣ್ಣ ಯಂತ್ರದ ಗಾಳಿ ಸಾಕೇ ಎಂಬ ಶಂಕೆ ಸಹಜ. 18 ಗೇಜಿನ ಸಣ್ಣ ಮೊಳೆಗೆ ಒಂದು ಸಲಕ್ಕೆ ಬೇಕಾಗುವ ಗಾಳಿ ಸುಮಾರು ಅರ್ಧದಿಂದ ಒಂದು ಲೀಟರ್. 24 ಲೀಟರಿನ ಟ್ಯಾಂಕಿನ ಒತ್ತಡ 8 ಬಾರಿನಿಂದ 5 ಬಾರಿಗೆ ಇಳಿಯುವಷ್ಟರಲ್ಲಿ 72 ಲೀಟರ್ ಗಾಳಿ ದೊರೆಯುತ್ತದೆ; ಎಂದರೆ ಮೋಟಾರು ಮತ್ತೆ ಸುತ್ತುವ ಮೊದಲೇ 70 ಮೊಳೆಗಳಾದರೂ ಕೂಡುತ್ತವೆ. ಕರೆಂಟು ಹೋದರೂ ಅಷ್ಟು ಕೆಲಸ ನಿಲ್ಲದು. ಬಣ್ಣ ಎರಚುವ ಕೆಲಸಕ್ಕಾದರೆ ಮಾತ್ರ ಸತತವಾಗಿ ಗಾಳಿ ಬೇಕು. ಅದಕ್ಕೆ ಈ ಸಣ್ಣ ಯಂತ್ರ ಸಾಲದು.

ಮೋಟಾರೇ ಬೇಡವೆನ್ನುವವರಿಗೆ ಇಂಗಾಲದ ಡೈಆಕ್ಸೈಡ್ ಸಿಲಿಂಡರಿನ ದಾರಿಯುಂಟು. ಒಂದು ಕಿಲೋ ದ್ರವ ಸುಮಾರು 540 ಲೀಟರ್ ಅನಿಲವಾಗುತ್ತದೆ. ಆದರೆ ಒತ್ತಡವನ್ನು ತಗ್ಗಿಸುವ ರೆಗ್ಯುಲೇಟರ್ ಇಲ್ಲದೆ ಅದನ್ನು ಗನ್ನಿಗೆ ಜೋಡಿಸಕೂಡದು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಬೇಕು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಳಸಬಾರದು. ವೆಲ್ಡಿಂಗ್ ಅಂಗಡಿಯ ಆಮ್ಲಜನಕದ ಸಿಲಿಂಡರನ್ನಂತೂ ಎಂದೂ ಮುಟ್ಟಬಾರದು. ಅದು ಸ್ಫೋಟಕ್ಕೆ ಆಹ್ವಾನ.

ಹಳೆಯ ಯಂತ್ರವನ್ನೇ ಇಟ್ಟುಕೊಂಡವರು ಅದನ್ನು ಹಿತ್ತಲಿನ ಗೋಡೆಯ ಮರೆಯಲ್ಲಿ, ರಬ್ಬರಿನ ಹಾಸಿನ ಮೇಲೆ ನಿಲ್ಲಿಸಿ, ಗಾಳಿಯ ಪೈಪನ್ನು ಉದ್ದ ಮಾಡಲಿ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬಲ್ ತಗ್ಗುತ್ತದೆ. ತೆಳುವಾದ ವಿದ್ಯುತ್ ತಂತಿಯನ್ನು ಎಳೆದೆಳೆದು ಉದ್ದ ಮಾಡಿದರೆ ವೋಲ್ಟೇಜ್ ಕುಸಿದು ಮೋಟಾರು ಸುಡಬಹುದು. ಸದ್ದು ಅಡಗಲೆಂದು ಯಂತ್ರವನ್ನು ಪೆಟ್ಟಿಗೆಯೊಳಗೆ ಭದ್ರವಾಗಿ ಮುಚ್ಚುವುದೂ ಸಲ್ಲದು. ಉಸಿರುಕಟ್ಟಿದ ಯಂತ್ರ ಕಾದು ಕೆಡುತ್ತದೆ. ಮಳೆಗಾಲದ ತೇವಭರಿತ ಗಾಳಿ ಟ್ಯಾಂಕಿನೊಳಗೆ ನೀರಾಗಿ ನಿಲ್ಲುವುದರಿಂದ, ಪ್ರತಿ ಸಂಜೆ ಕೆಳಗಿನ ತಿರುಪನ್ನು ಬಿಚ್ಚಿ ನೀರು ಹೊರಗೆ ಬಿಡುವುದು ಅವಶ್ಯ. ಇಲ್ಲವಾದರೆ ತುಕ್ಕು ಹಿಡಿದು ಟ್ಯಾಂಕೇ ಅಪಾಯಕಾರಿಯಾಗುತ್ತದೆ.

ಯಂತ್ರ ಎಷ್ಟೇ ಮೌನಿಯಾದರೂ ಗನ್ನಿನ ಒಂದೊಂದು ಹೊಡೆತವೂ ಚುರುಕಾದ ಸದ್ದೇ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಇರಲೇಬೇಕು. ಮನೆ ಕಟ್ಟಿಸುವವರು ಮರದ ಬೆಲೆಯನ್ನೂ ಕೂಲಿಯ ದರವನ್ನೂ ವಿಚಾರಿಸುವಾಗ ಯಂತ್ರದ ಸದ್ದನ್ನೂ ವಿಚಾರಿಸುವುದು ಒಳಿತು. ಮಂದಗತಿಯ ಯಂತ್ರಕ್ಕೆ ಸ್ವಲ್ಪ ಹೆಚ್ಚು ಹಣ ತಗಲಬಹುದು. ಗೃಹಪ್ರವೇಶದ ದಿನ ನೆರೆಯವರು ನಗುಮುಖದಿಂದ ಊಟಕ್ಕೆ ಬರುವುದಾದರೆ ಆ ಹಣ ದುಬಾರಿಯೆನಿಸದು.