ಹಳೆಯ ಟೈ ಯಾವ ಕಾಲದ್ದೆಂದು ತಿಳಿಯುವುದು ಹೇಗೆ?

ಟೈಯ ವಯಸ್ಸನ್ನು ಮೊದಲು ತಿಳಿಸುವುದು ಅದರ ಅಗಲ ಮತ್ತು ಉದ್ದ. ಹೊಲಿಗೆಯೂ ಸುಳಿವು ಕೊಡುತ್ತದೆ: ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಮೂರು ತುಂಡು ಜೋಡಿಸುವ ಇಂದಿನ ವಿಧಾನವನ್ನು ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ 1920ರ ದಶಕದಲ್ಲಿ ರೂಪಿಸಿದ. 1940ರ ದಶಕದ ಅಮೆರಿಕದ ಟೈಗಳು ನಾಲ್ಕು ಇಂಚಿಗೂ ಮಿಕ್ಕಿ ಅಗಲ, ಆದರೆ ಗಿಡ್ಡ. ಏಕೆಂದರೆ ಆಗ ಪ್ಯಾಂಟನ್ನು ಸೊಂಟಕ್ಕಿಂತ ಮೇಲೇರಿಸಿ ತೊಡುತ್ತಿದ್ದರು. ಎರಡನೆಯ ಮಹಾಯುದ್ಧದಿಂದಾಗಿ ಜಪಾನಿನ ರೇಷ್ಮೆ ನಿಂತುಹೋಗಿ ರೇಯಾನ್ ಬಳಕೆ ಹೆಚ್ಚಿತು. ಕೈಯಿಂದಲೇ ತಾಳೆಮರ, ಕುದುರೆಗಳನ್ನು ಬಿಡಿಸಿದ ಆ ಕಾಲದ ಟೈಗಳು ಸಂಗ್ರಾಹಕರಿಗೆ ಅಚ್ಚುಮೆಚ್ಚು. ಅದು ನ್ಯಾಯವೂ ಹೌದು. 1960ರ ಸುಮಾರಿಗೆ ಅಗಲ ಎರಡು ಇಂಚಿನ ಆಸುಪಾಸಿಗೆ ಇಳಿಯಿತು. 1970ರ ದಶಕದಲ್ಲಿ ಮತ್ತೆ ಅಗಲ ಬಂತು. ಆದರೆ ಉದ್ದವೂ ಹೆಚ್ಚು, ಬಟ್ಟೆ ಬಹುಪಾಲು ಪಾಲಿಯೆಸ್ಟರ್. ಹಳೆಯ ಟೈಯನ್ನು ತೊಡುವುದಾದರೆ, ಗಿಡ್ಡ ಟೈಗೆ ಸಣ್ಣ ಗಂಟೇ ಸರಿ. ತೊಟ್ಟ ಮೇಲೆ ಎಳೆದು ತೆಗೆಯದೆ, ಗಂಟು ಬಿಚ್ಚಿ ಸುರುಳಿ ಸುತ್ತಿಡಬೇಕು, ನೀರಿನಲ್ಲಿ ಒಗೆಯಬಾರದು.