ಗೊತ್ತಿರುವ ಕಥೆಯ ರುಚಿ

ವಾಲಿಯು ಮಡಿಯುವನೆಂಬುದನ್ನು ಅರಿಯದವನು ಸಭೆಯಲ್ಲಿ ಒಬ್ಬನೂ ಇರುವುದಿಲ್ಲ. ಆದರೂ ಪುತ್ತೂರು, ಸುಳ್ಯ, ಕಡಬಗಳ ಕಡೆ ‘ವಾಲಿವಧೆ’ಯ ತಾಳಮದ್ದಳೆಯೆಂದರೆ, ಬಣ್ಣವೇಷಗಳ ಹಂಗಿಲ್ಲದೆ ಕುಳಿತೇ ಅರ್ಥ ಹೇಳುವವರ ಮಾತಿಗಾಗಿ ಜನರು ನಿದ್ದೆಗೆಟ್ಟು ಕಿವಿಗೊಡುತ್ತಾರೆ. ಬಾಣ ತಾಗಿ ಬಿದ್ದ ವಾಲಿ ಇಂದು ರಾಮನನ್ನು ಯಾವ ತರ್ಕದಿಂದ ಕೆಣಕುವನು, ರಾಮನ ಸಮಾಧಾನವು ಯಾವ ಹಾದಿ ಹಿಡಿದೀತು ಎಂಬುದೇ ಅಲ್ಲಿಯ ಆಕರ್ಷಣೆ. ಮುಂದೇನೆಂಬ ಕುತೂಹಲಕ್ಕಿಂತ ಹೇಗೆಂಬ ಕುತೂಹಲವೇ ಅಲ್ಲಿ ಬಲವಾದುದು.

ಜನಪ್ರಿಯ ಕಾದಂಬರಿಗಳ ಗುಟ್ಟೂ ಇದೇ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನು ಕೊನೆಗೆ ಅಪರಾಧಿಯನ್ನು ಹಿಡಿದೇ ಹಿಡಿಯುವನೆಂದು ಬಲ್ಲ ಓದುಗನೇ ಮುಂದಿನ ಪುಸ್ತಕವನ್ನೂ ಅರಸುತ್ತಿದ್ದನು. ಚಕೋರವು ಬೆಳದಿಂಗಳನ್ನು ಕುಡಿಯುವುದೆಂಬುದನ್ನು ಲಾಕ್ಷಣಿಕರು ಕವಿಸಮಯವೆಂದು ಮನ್ನಿಸಿದಂತೆ, ಅಗಲಿದ ಒಡಹುಟ್ಟಿದವರ ಸಮಾಗಮ, ಮಾರುವೇಷದ ಅರಸುಮಗ, ಕಲಹದಿಂದ ಮೊದಲಾಗುವ ಪ್ರೇಮ ಮೊದಲಾದವನ್ನು ಕಥಾಸಮಯಗಳೆಂದು ಮನ್ನಿಸಬಹುದು.

ತುಳುನಾಡಿನ ಕೋಟಿ-ಚೆನ್ನಯರ ಪಾಡ್ದನವೆಂಬ ಕಥನಗೀತದಲ್ಲಿ ಇಂಥವು ಎಷ್ಟಿಲ್ಲ! ತಾಯಿಯನ್ನು ಕಳೆದುಕೊಂಡ ಅವಳಿ ವೀರರು, ಪಡುಮಲೆಯ ಬಲ್ಲಾಳನಿಂದ ನ್ಯಾಯ ದೊರೆಯದೆ ಊರು ತೊರೆದು, ಪಂಜದಲ್ಲಿ ನೀರು ಕೇಳಲು ಹೋದ ಮನೆಯಲ್ಲಿ ಅಕ್ಕ ಕಿನ್ನಿದಾರುವನ್ನು ಗುರುತಿಸಿ, ಎಣ್ಮೂರಿನಲ್ಲಿ ಆಶ್ರಯ ಪಡೆದು, ಕಡೆಗೆ ಯುದ್ಧಭೂಮಿಯಲ್ಲಿ ಅಳಿಯುತ್ತಾರೆ. ನೀರು ಕೇಳಿದವರು ತಮ್ಮಂದಿರೆಂದು ಕೇಳುಗನಿಗೆ ಮೊದಲೇ ಗೊತ್ತು. ಅಕ್ಕನಿಗೆ ಇನ್ನೂ ಗೊತ್ತಿಲ್ಲ. ಈ ಎರಡು ಅರಿವುಗಳ ನಡುವಣ ಅಂತರದಲ್ಲಿಯೇ ರಸವು ಹುಟ್ಟುತ್ತದೆ; ಅದನ್ನು ಹಿಗ್ಗಿಸುವುದೇ ಹಾಡುಗಾರ್ತಿಯ ಕೌಶಲ. ಲೋಕದ ವ್ಯವಹಾರದಲ್ಲಿ ಕಳೆದವರು ಸಿಗುವುದು ವಿರಳ, ನ್ಯಾಯವು ತಡವಾಗಿಯಾದರೂ ಬರುವುದೆಂಬ ಭರವಸೆ ಅದಕ್ಕಿಂತ ವಿರಳ. ಕಥೆಯು ಎರಡನ್ನೂ ಕ್ರಮ ತಪ್ಪದೆ ಒದಗಿಸುತ್ತದೆ.

ಇಂಥ ಕಥಾಸಮಯವೊಂದು ಪುಸ್ತಕದಿಂದ ಹೊರಗೆ ಬಂದು ಚರಿತ್ರೆಯನ್ನೇ ನಡೆಸಿದ್ದುಂಟು. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಕೊಡಗನ್ನು ಕೈವಶಮಾಡಿಕೊಂಡು, ಅದಕ್ಕೆ ಸೇರಿದ್ದ ಅಮರ ಸುಳ್ಯದ ಸೀಮೆಯನ್ನು ಕೆನರಾ ಜಿಲ್ಲೆಗೆ ಕೂಡಿಸಿ, ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳತೊಡಗಿದಾಗ ರೈತರು ಕಂಗೆಟ್ಟರು. 1837ರಲ್ಲಿ ಪುಟ್ಟಬಸಪ್ಪನೆಂಬವನು ಕೊಡಗನ್ನಾಳಿದ ಹಾಲೇರಿ ವಂಶದ ವಾರಸುದಾರನಾದ ಕಲ್ಯಾಣಸ್ವಾಮಿಯೆಂದು ಪ್ರಕಟವಾಗಲು, ಕೆದಂಬಾಡಿ ರಾಮಯ್ಯ ಗೌಡ ಮೊದಲಾದ ಮುಖಂಡರೊಡನೆ ಜನರು ಸುಳ್ಯದಿಂದ ಹೊರಟು, ಏಪ್ರಿಲಿನಲ್ಲಿ ಮಂಗಳೂರನ್ನು ಹಿಡಿದರು. ಕೆಲವೇ ದಿನಗಳಲ್ಲಿ ದಂಗೆ ಅಡಗಿತು, ಪುಟ್ಟಬಸಪ್ಪನು ಗಲ್ಲಿಗೇರಿದನು. ತೆರಿಗೆಯ ಬೇಗೆಯು ಸಿಟ್ಟನ್ನು ಹುಟ್ಟಿಸಿತೇನೋ ನಿಜ. ಆ ಸಿಟ್ಟಿಗೆ ಮುಖವನ್ನೂ ಹೆಸರನ್ನೂ ಕೊಟ್ಟದ್ದು, ಮರೆಯಲ್ಲಿದ್ದ ಅರಸು ಮರಳಿ ಬರುವನೆಂಬ, ಕೇಳಿ ಕೇಳಿ ಹದವಾದ ಕಥೆಯೇ ಎಂದು ತೋರುತ್ತದೆ. ಸುಬ್ರಹ್ಮಣ್ಯದ ಸಮೀಪದ ಕುಳ್ಕುಂದದಲ್ಲಿ 1924ರಲ್ಲಿ ಜನಿಸಿದ ನಿರಂಜನರು ಈ ವೃತ್ತಾಂತವನ್ನೇ ‘ಕಲ್ಯಾಣಸ್ವಾಮಿ’ ಕಾದಂಬರಿಯಾಗಿಸಿದರು.

ಹಾಗೆಂದು ಕಥಾಸಮಯವು ಲೇಖಕನನ್ನು ಕಟ್ಟಿಹಾಕಬೇಕಾಗಿಲ್ಲ. ಪುತ್ತೂರಿನಲ್ಲಿ ದೀರ್ಘಕಾಲ ನೆಲಸಿದ್ದ ಶಿವರಾಮ ಕಾರಂತರು 1943ರ ‘ಬೆಟ್ಟದ ಜೀವ’ದಲ್ಲಿ ಮನೆ ಬಿಟ್ಟುಹೋದ ಮಗನೆಂಬ ಹಳೆಯ ಸಂದರ್ಭವನ್ನೇ ಎತ್ತಿಕೊಂಡರು, ಆದರೆ ಕಾದಂಬರಿಯ ಭಾರವನ್ನು ಪುನರಾಗಮನದ ಸಂಭ್ರಮದ ಮೇಲಿಡದೆ, ಗೋಪಾಲಯ್ಯ-ಶಂಕರಿಯರ ನಿರೀಕ್ಷೆಯ ಮೇಲಿಟ್ಟರು. ಓದುಗನು ಮಗನ ಬರವನ್ನು ಮೊದಲೇ ಬಯಸುವುದರಿಂದಲೇ ಆ ನಿರೀಕ್ಷೆಯು ಅವನದೂ ಆಗುತ್ತದೆ. ಆದುದರಿಂದ ಜನಪ್ರಿಯ ಕೃತಿಯೊಂದನ್ನು ಅಳೆಯುವಾಗ, ಇದು ಹಳೆಯ ಸರಕಲ್ಲವೇ ಎಂದು ಹಳಿಯುವುದಕ್ಕಿಂತ, ಓದುಗನಿಗೆ ಮೊದಲೇ ತಿಳಿದಿರುವುದನ್ನು ಲೇಖಕನು ಯಾವುದಕ್ಕೆ ಬಳಸಿಕೊಂಡನೆಂದು ವಿಚಾರಿಸುವುದೇ ನ್ಯಾಯವಾದ ವಿಮರ್ಶೆ.