ಶಿರೆಯ ಉದ್ಯಾನವೂ ನಮ್ಮ ತಲಪರಿಗೆಯೂ

ಬೆಂಗಳೂರಿಗೆ ಹೋದ ನಮ್ಮ ಸೀಮೆಯ ಗೃಹಸ್ಥರು ಮಕ್ಕಳುಮರಿಗಳೊಡನೆ ಲಾಲ್‌ಬಾಗನ್ನು ನೋಡದೆ ಹಿಂದಿರುಗುವುದು ಅಪೂರ್ವ. ೧೭೬೦ರಲ್ಲಿ ಹೈದರಾಲಿಯು ಆ ತೋಟವನ್ನು ಆರಂಭಿಸಿದನೆಂಬುದು ಬಹುಮಂದಿಗೆ ತಿಳಿದ ಸಂಗತಿ. ಆದರೆ ಅದರ ಬೀಜವು ನಮ್ಮ ನೆರೆಯ ಶಿರೆಯಲ್ಲಿತ್ತೆಂಬುದನ್ನು ಬಲ್ಲವರು ವಿರಳ. ೧೬೮೭ರಿಂದ ೧೭೫೭ರ ವರೆಗೆ ಶಿರೆಯು ಮೊಗಲರ ಸುಬಾ ಒಂದಕ್ಕೆ ಮುಖ್ಯಪಟ್ಟಣವಾಗಿತ್ತು. ಸುಬೇದಾರ ದಿಲಾವರ್ ಖಾನನ ಅರಮನೆಯನ್ನೂ, ಖಾನ್ ಬಾಗ್ ಎಂಬ ಅಲ್ಲಿಯ ಉದ್ಯಾನವನ್ನೂ ಕಂಡೇ ಹೈದರನೂ ಟಿಪ್ಪುವೂ ತಮ್ಮ ಅರಮನೆ ತೋಟಗಳನ್ನು ರಚಿಸಿದರೆಂದು ಇತಿಹಾಸವನ್ನು ಬರೆದವರು ಹೇಳುತ್ತಾರೆ.

ಮಳೆ ಕಡಮೆಯಾದ ಶಿರೆಯಲ್ಲಿ ಉದ್ಯಾನದ ಆಸೆ ಹುಟ್ಟಿದ್ದು ಹೇಗೆ? ಮೊಗಲರು ಈ ವಿದ್ಯೆಯನ್ನು ಕಲಿತದ್ದು ಪಾರಸೀಕರಿಂದ. ಆ ದೇಶವೂ ಬಹುಭಾಗ ಒಣನೆಲವೇ. ಅಲ್ಲಿ ತೋಟವೆಂದರೆ ಸುತ್ತಲೂ ಗೋಡೆ, ಒಳಗೆ ನಾಲ್ಕು ಪಾಲು, ಪಾಲುಗಳ ನಡುವೆ ಕಾಲುವೆ, ಮಧ್ಯದಲ್ಲಿ ಕೊಳ. ಇಂತಹ ಆವರಣಕ್ಕೆ ಅವರ ಪ್ರಾಚೀನ ಭಾಷೆಯಲ್ಲಿದ್ದ ‘ಪೈರಿದಏಜ’ ಎಂಬ ಹೆಸರಿನ ಮೊದಲ ಭಾಗವು ಸಂಸ್ಕೃತದ ‘ಪರಿ’ಯೇ ಆಗಿದೆ. ನೀರಿಗೆ ಅವರಾಡುವ ‘ಆಬ್’ ಎಂಬುದೂ ನಮ್ಮ ‘ಅಪ್’ ಶಬ್ದದ ಒಡಹುಟ್ಟು. ಷಾ ಅಬ್ಬಾಸನ (೧೫೮೮–೧೬೨೯) ಕಾಲದ ಎರಡು ತೋಟಗಳನ್ನು ನೋಡಿರಿ. ಮಾಜಂದರಾನ್ ಪ್ರಾಂತದ ಅಬ್ಬಾಸಾಬಾದಿಗೆ ಅಣೆಕಟ್ಟಿನ ನೀರು. ಕಾಶಾನ್ ಪಟ್ಟಣದ ಫಿನ್ ತೋಟಕ್ಕೆ ನೆಲದಡಿಯಿಂದ ಬರುವ ಬುಗ್ಗೆಯ ನೀರು. ೨೦೧೧ರಲ್ಲಿ ಇವೆರಡನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಲಾಯಿತು.

ಈ ನೆಲದಡಿಯ ಕಾಲುವೆಗೆ ಕರೇಜ್ ಎಂದು ಹೆಸರು. ಎತ್ತರದ ನೆಲದಲ್ಲಿ ನೀರು ಸಿಕ್ಕುವವರೆಗೆ ಒಂದು ಬಾವಿಯನ್ನು ತೋಡಿ, ಅಲ್ಲಿಂದ ಅತಿ ಸ್ವಲ್ಪ ಇಳಿಜಾರಿನಲ್ಲಿ ಸುರಂಗವನ್ನು ಕೊರೆಯುತ್ತಾರೆ. ನೆಲದ ಇಳಿಜಾರು ಸುರಂಗದ್ದಕ್ಕಿಂತ ಹೆಚ್ಚಾದುದರಿಂದ, ಕೊನೆಗೊಂದೆಡೆ ನೀರು ತಾನಾಗಿಯೇ ಹೊರಬೀಳುತ್ತದೆ. ಏತವೂ ಬೇಡ, ಕಪಿಲೆಯೂ ಬೇಡ. ಗಾಳಿಗೂ ಹೂಳು ತೆಗೆಯುವುದಕ್ಕೂ ನಡುನಡುವೆ ಬಾವಿಗಳಿರುತ್ತವೆ. ಇದನ್ನು ನೋಡಲು ಪರದೇಶಕ್ಕೆ ಹೋಗಬೇಕಾಗಿಲ್ಲ. ಬೀದರಿನ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ ಕರೇಜ್ ಇಂದಿಗೂ ಇದೆ.

ಇನ್ನು ನಮ್ಮ ಮನೆಯ ಬಾಗಿಲಿಗೆ ಬರೋಣ. ಕೊರಟಗೆರೆ, ಮಧುಗಿರಿ, ಪಾವಗಡಗಳ ಕಡೆ ‘ತಲಪರಿಗೆ’ ಎಂಬುದೊಂದುಂಟು. ಹೊಳೆಯ ಬಳಿಯ ಅಥವಾ ಕೆರೆಯ ಕೆಳಗಿನ ಮರಳುನೆಲದಲ್ಲಿ ಗುಂಡಿಯನ್ನು ತೋಡಿದರೆ ಊಟೆ ಉಕ್ಕಿ, ಕಾಲುವೆಯಲ್ಲಿ ತಾನೇ ಗದ್ದೆಗೆ ಹರಿಯುತ್ತಿತ್ತು. ಕರೇಜಿನಂತೆ ಇಲ್ಲಿಯೂ ನೀರನ್ನು ಮೇಲಕ್ಕೆತ್ತುವ ಶ್ರಮವಿಲ್ಲ. ನೆಲದ ವಾಟವನ್ನರಿತು ದಾರಿಯನ್ನು ಕೊಡುವುದಷ್ಟೇ ಕೆಲಸ. ಯಾವ ಸುಲ್ತಾನನೂ ಇದನ್ನು ಮಾಡಿಸಲಿಲ್ಲ. ಊರಿನ ರೈತರೇ ಮಾಡಿಕೊಂಡರು.

ನಾನು ಬಾಲಕನಾಗಿದ್ದಾಗ ನಮ್ಮ ತಾತನವರು ವರ್ಷಕ್ಕೊಮ್ಮೆ ಗುದ್ದಲಿ ಹಿಡಿದು ಊರವರೊಡನೆ ತಲಪರಿಗೆಯ ಮರಳನ್ನು ತೆಗೆಯಲು ಹೋಗುತ್ತಿದ್ದರು. ಮನೆಗೊಂದಾಳು ಬರಬೇಕು, ಬಾರದವನಿಗೆ ನೀರಿನ ಸರದಿಯಿಲ್ಲ. ಆಮೇಲೆ ಕೊಳವೆಬಾವಿಗಳು ಬಂದುವು. ನಮ್ಮ ಮನೆಯಲ್ಲಿಯೂ ಒಂದನ್ನು ಕೊರೆಯಿಸಿದೆವು. ಮನೆಗೇ ನೀರು ಬಂದಿತೆಂದು ಹಿಗ್ಗಿದೆವು, ಗುದ್ದಲಿಯನ್ನು ಅಟ್ಟಕ್ಕೆಸೆದೆವು. ಅಂತರ್ಜಲವು ಕೆಳಕ್ಕಿಳಿಯಿತು, ತಲಪರಿಗೆ ಬತ್ತಿತು. ಕೆಲವು ವರ್ಷಗಳಲ್ಲಿ ಆ ಕೊಳವೆಬಾವಿಯೂ ಬರಿದಾಯಿತು. ತಪ್ಪು ಅನ್ಯರದಲ್ಲ, ನಮ್ಮದೇ ಎಂದು ಒಪ್ಪಿಕೊಳ್ಳುವುದು ಲೇಸು.

ಶಿರೆಯಲ್ಲಿ ೧೬೯೬ರ ಜುಮ್ಮಾ ಮಸೀದಿಯೂ ಮಲಿಕ್ ರಿಹಾನನ ಗೋರಿಯೂ ಇಂದಿಗೂ ನಿಂತಿವೆ. ಖಾನ್ ಬಾಗಿನ ವೈಭವ ಮಾತ್ರ ಇಲ್ಲ. ಕಲ್ಲು ತಾನಾಗಿ ನಿಲ್ಲಬಲ್ಲುದು. ತೋಟಕ್ಕೆ ನೀರೂ, ನೀರಿಗೆ ಮನುಷ್ಯನ ನಿತ್ಯದ ಆರೈಕೆಯೂ ಬೇಕು. ದೊರೆಯು ಹೋದರೆ ದೊರೆಯ ತೋಟ ಹೋಗುವುದು ಸಹಜ. ಆದರೆ ಊರು ಹೋಗಿಲ್ಲವಷ್ಟೆ. ಈಚಿನ ವರ್ಷಗಳಲ್ಲಿ ನಮ್ಮ ಸೀಮೆಯ ಕೆಲವು ಗ್ರಾಮಗಳವರು ಹಳೆಯ ತಲಪರಿಗೆಗಳ ಹೂಳನ್ನು ತೆಗೆಯತೊಡಗಿದ್ದಾರೆ. ವಾಚಕರೇ, ನಿಮ್ಮೂರಿನ ತಲಪರಿಗೆ ಎಲ್ಲಿತ್ತೆಂದು ಇಂದೇ ಮನೆಯ ಹಿರಿಯರನ್ನು ಕೇಳಿರಿ. ಮಕ್ಕಳನ್ನು ಕರೆದುಕೊಂಡು ಹೋಗಿ ಆ ಸ್ಥಳವನ್ನು ತೋರಿಸಿರಿ. ತೋರಿಸಬಲ್ಲವರು ಇರುವಾಗಲೇ ಈ ಕೆಲಸವಾಗಬೇಕು.